ಗೋಲ್ಕೊಂಡದ ಮಳೆಗೆ ಕ್ಯಾನ್ವಾಸೋ, ಕಾಗದವೋ?

ಬೆಲ್ಜಿಯಂನ ಚಿತ್ರಕಾರ ರೆನೆ ಮಾಗ್ರಿಟ್ 1953ರಲ್ಲಿ ಬರೆದ ‘ಗೋಲ್ಕೊಂಡ’ ಚಿತ್ರದಲ್ಲಿ ಕಪ್ಪು ಕೋಟು, ದುಂಡು ಟೋಪಿಯ ಗಂಡಸರು ಆಕಾಶದ ತುಂಬ ಮಳೆಹನಿಗಳಂತೆ ನಿಂತಿದ್ದಾರೆ. ಇಳಿಯುತ್ತಿದ್ದಾರೋ ಏರುತ್ತಿದ್ದಾರೋ ಹೇಳುವಂತಿಲ್ಲ. ಕೆಳಗೆ ಕೆಂಪು ಮಾಡಿನ ಮನೆಗಳು. ವಜ್ರಕ್ಕೆ ಹೆಸರಾದ ನಮ್ಮ ಗೋಲ್ಕೊಂಡದ ಹೆಸರನ್ನು ಸೂಚಿಸಿದವರು ಮಾಗ್ರಿಟ್‌ನ ಕವಿಮಿತ್ರ ಲೂಯಿ ಸ್ಕುಟ್ನೇರ್. ಮಳೆ ನೋಡುತ್ತಲೇ ವರ್ಷದ ನಾಲ್ಕು ತಿಂಗಳು ಕಳೆಯುವ ಮಡಿಕೇರಿಯ ಮನೆಗೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನೊಂದಿಲ್ಲ ಎನಿಸಿತು. ಎರಡು ಬಗೆಯ ಪ್ರತಿಗಳನ್ನು ತರಿಸಿ, ಮಳೆಗಾಲವಿಡೀ ಒಂದೇ ಕೋಣೆಯಲ್ಲಿ ತೂಗುಹಾಕಿದೆ.

ಮೊದಲನೆಯದು ಆನ್‌ಲೈನ್‌ನಲ್ಲಿ ಕೊಂಡ ಕ್ಯಾನ್ವಾಸ್ ಪ್ರತಿ. ಹಗುರವಾಗಿದೆ, ಗಾಜಿಲ್ಲದ್ದರಿಂದ ಕಿಟಕಿಯ ಬೆಳಕು ಹೊಳೆದು ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ಹತ್ತಿರ ಹೋದಾಗ ಬೇಸರವಾಯಿತು. ಮಾಗ್ರಿಟ್ ಬಣ್ಣವನ್ನು ನಯವಾಗಿ ಹಚ್ಚಿದ್ದ. ಒರಟು ನೇಯ್ಗೆಯಲ್ಲಿ ಆ ನಯವೆಲ್ಲ ಹೋಗಿತ್ತು. ಹಿಂದಿನ ಸಾಲಿನವರು ಬರಿಯ ಚುಕ್ಕೆಗಳಾಗಿದ್ದರು. ಮೂಲಚಿತ್ರ ಸುಮಾರು 80×100 ಸೆಂಟಿಮೀಟರ್. ಸಿದ್ಧ ಚೌಕಟ್ಟಿನ ಅಳತೆಗೆ ಹೊಂದಿಸಲು ಮೇಲಿನ ಒಂದು ಸಾಲನ್ನೇ ಕತ್ತರಿಸಿದ್ದರು. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕೊಡವರ ಕಕ್ಕಡ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಬಟ್ಟೆ ಸಡಿಲಗೊಂಡು ಕೆಳಮೂಲೆಯಲ್ಲಿ ಅಲೆ ಎದ್ದಿತು. ಹಿಂದಿನ ಮರದ ಪಟ್ಟಿಯ ಮೇಲೆ ಬೂಷ್ಟು ಬಂದಿತು.

ಎರಡನೆಯದು ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸಿದ 40×50 ಸೆಂಟಿಮೀಟರ್ ಪ್ರತಿ. ಅದಕ್ಕೆ ಪೇಟೆಯಲ್ಲೇ ಕಟ್ಟು ಹಾಕಿಸಿದೆ. ಅಂಗಡಿಯವರು ಚಿತ್ರದ ಸುತ್ತ ಎರಡು ಇಂಚು ಅಗಲದ ದಪ್ಪ ರಟ್ಟಿನ ಅಂಚು, ಅಂದರೆ ಮೌಂಟ್ ಬೋರ್ಡ್ ಇಟ್ಟರು. ಹೀಗಿದ್ದರೆ ಕಾಗದಕ್ಕೆ ಗಾಜು ತಾಗದು, ಒಳಗೆ ತೇವ ಕಟ್ಟಿದರೂ ಚಿತ್ರ ಗಾಜಿಗೆ ಅಂಟಿಕೊಳ್ಳದು. ಬೆನ್ನಿಗೆ ಅಂಚಿನುದ್ದಕ್ಕೂ ಟೇಪ್ ಒತ್ತಿ, ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ತುಂಡು ಅಂಟಿಸಿದರು. ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಗಾಳಿ ಆಡುತ್ತದೆ. ತೂಕ ಹೆಚ್ಚು, ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಗಾಜಿನ ಹೊಳಪು ತಪ್ಪಿಸಲು ಕಿಟಕಿಯ ಎದುರಿನಿಂದ ಪಕ್ಕದ ಗೋಡೆಗೆ ಸರಿಸಬೇಕಾಯಿತು. ಅಕ್ಟೋಬರಿನಲ್ಲಿ ಇಳಿಸಿ ನೋಡಿದಾಗ ಹಿಂಬದಿ ಒಣಗಿತ್ತು, ಕಾಗದ ಎಲ್ಲೂ ಸುಕ್ಕಾಗಿರಲಿಲ್ಲ.

ಅದನ್ನು ಒರೆಸುತ್ತಿದ್ದ ಅತ್ತೆ, “ಇವರ ಮುಖ ಒಬ್ಬೊಬ್ಬರದೂ ಬೇರೆ ಬೇರೆ ಇದೆಯಲ್ಲ!” ಎಂದರು. ಕ್ಯಾನ್ವಾಸಿನ ಮುಂದೆ ಅವರು ಎಂದೂ ಹೀಗೆ ನಿಂತಿರಲಿಲ್ಲ.

ಕ್ಯಾನ್ವಾಸ್ ಪ್ರತಿಯನ್ನು ಮೈಸೂರಿನ ತಮ್ಮನಿಗೆ ಕೊಟ್ಟೆ. ಅಲ್ಲಿನ ಒಣಹವೆಗೆ ಬಟ್ಟೆಯ ಅಲೆ ಬಹುಮಟ್ಟಿಗೆ ಇಳಿದಿದೆಯಂತೆ.