ಮಾಲ್ಟಾ ಪ್ಯಾಕೇಜ್: ಬಾರದ ಬಸ್ಸಿಗೆ ಒಂದು ಅಂಕ

ಮೈಸೂರಿನ ಒಂದು ಪ್ರವಾಸ ಸಂಸ್ಥೆಯ ಮೂಲಕ ನಾನೂ ನನ್ನ ಹೆಂಡತಿಯೂ ಇಟಲಿಯ ಕೆಳಗೆ ಮೆಡಿಟರೇನಿಯನ್ ಸಮುದ್ರದಲ್ಲಿರುವ ಪುಟ್ಟ ದೇಶ ಮಾಲ್ಟಾ ದ್ವೀಪಕ್ಕೆ ಹೋಗಿಬಂದೆವು. ಏಳು ರಾತ್ರಿ, ಎಂಟು ಹಗಲು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅವರ ಕಚೇರಿ ನಮ್ಮ ಮನೆಯಿಂದ ಎರಡೇ ಬೀದಿ ಆಚೆಗಿದೆ, ಬೆಳಗಿನ ವಾಕಿಂಗಿನಲ್ಲಿ ಮುಖ ನೋಡಬೇಕು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಒಂದು ಅವರು ಮಾಡಿದ ಎಡವಟ್ಟಿಗೆ.

ವೀಸಾ, ವಿಮಾನ, ಹೋಟೆಲು ಎಲ್ಲವೂ ಅಚ್ಚುಕಟ್ಟು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದ ದಿನ ಅವರ ಹುಡುಗನೊಬ್ಬ ಜೊತೆಗೇ ಬಂದು ಕಾಗದಪತ್ರಗಳನ್ನು ಜೋಡಿಸಿಕೊಟ್ಟ. ಊಟದ ವಿಷಯ ಬೇಡ. ಏಳು ರಾತ್ರಿಯೂ ಒಂದೇ ಪನೀರು, ಒಂದೇ ಕೆಂಪು ಗೊಜ್ಜು.

ನಾನು ಮೂವತ್ತೊಂದು ವರ್ಷ ಕುಡಿಯುವ ನೀರಿನ ಕೆಲಸ ಮಾಡಿ ನಿವೃತ್ತನಾದವನು. ಯಾವ ಊರಿಗೆ ಹೋದರೂ ಮೊದಲು ನಲ್ಲಿ ತಿರುಗಿಸಿ ನೋಡುವುದು ಅಭ್ಯಾಸ. ಸ್ಲೀಮಾದ ಹೋಟೆಲಿನಲ್ಲಿ ಮೊದಲ ಬೆಳಿಗ್ಗೆ, ಮೈಸೂರಿನಿಂದ ಒಯ್ದ ಕಾಫಿಪುಡಿಗೆ ನಲ್ಲಿಯ ನೀರು ಕಾಯಿಸಿ ಹಾಕಿದೆವು. ಡಿಕಾಕ್ಷನ್ನು ಇಳಿಯಿತು, ಬಣ್ಣವೂ ಬಂತು, ಆದರೆ ಬಾಯಿಗಿಟ್ಟರೆ ನಮ್ಮ ಕಾಫಿಯಲ್ಲ. ಏನೋ ಸಪ್ಪೆ, ಕೊನೆಯಲ್ಲಿ ಒಂದೆಳೆ ಉಪ್ಪು. "ರೀ, ಪುಡಿ ಹಳತಾಯಿತೇ?" ಎಂದಳು. ಪುಡಿಯದಲ್ಲ, ನೀರಿನ ಗುಣ. ಆ ದ್ವೀಪದಲ್ಲಿ ಒಂದೂ ನದಿಯಿಲ್ಲ. ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರದ್ದು. 1980ರ ದಶಕದಿಂದಲೇ ಅವರು ಉಪ್ಪುನೀರನ್ನು ಒತ್ತಡ ಹಾಕಿ ಪೊರೆಯ ಮೂಲಕ ನೂಕಿ ಸಿಹಿ ಮಾಡುತ್ತಿದ್ದಾರೆ. ಕಾವೇರಿ, ಕಬಿನಿಗಳನ್ನು ಪಂಪು ಮಾಡಿದವನಿಗೇ ವಿದ್ಯುತ್ ಬಿಲ್ಲಿನ ಬಿಸಿ ಗೊತ್ತು. ಸಮುದ್ರವನ್ನು ಹಿಂಡುವವರ ಬಿಲ್ಲು ಹೇಗಿರಬೇಕು! ಆ ನೀರು ಕುಡಿಯಲು ಸುರಕ್ಷಿತವೇ, ಆದರೂ ರುಚಿ ಹಿಡಿಸದೆ ಬಾಟಲಿ ಕೊಳ್ಳುವವರು ಬಹಳ. 2022ರ ನವೆಂಬರಿನಿಂದ ಪ್ರತಿ ಬಾಟಲಿಗೂ ಯೂರೊ ಲೆಕ್ಕದಲ್ಲಿ ಹತ್ತು ಸೆಂಟು ಠೇವಣಿ. ಖಾಲಿ ಬಾಟಲಿಯನ್ನು ಯಂತ್ರದ ಬಾಯಿಗೆ ಕೊಟ್ಟರೆ ಆ ಠೇವಣಿಯ ಚೀಟಿ ಬರುತ್ತದೆ. ನನ್ನ ಹೆಂಡತಿ ಎಂಟು ದಿನವೂ ಚೀಲದಲ್ಲಿ ಬಾಟಲಿ ಕೂಡಿಟ್ಟಳು. ಹಾಲಿನ ಕವರು ತೊಳೆದು ಒಣಗಿಸಿ ಗುಜರಿಗೆ ಹಾಕುವವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದೊಂದೂ ನಮ್ಮ ಪ್ಯಾಕೇಜಿನಲ್ಲಿ ಇರಲಿಲ್ಲ. ಪ್ಯಾಕೇಜಿನಲ್ಲಿದ್ದದ್ದು ಎರಡು ಶಾಪಿಂಗ್ ಮಾಲು, ಒಂದು ಕ್ಯಾಸಿನೊ, ಮತ್ತು "ಫೋಟೊ ನಿಲುಗಡೆ" ಎಂಬ ಹತ್ತು ಹತ್ತು ನಿಮಿಷದ ಓಟಗಳು. ನಾಲ್ಕನೇ ದಿನ ಒಂಬತ್ತು ಗಂಟೆಗೆ ಬರಬೇಕಿದ್ದ ಬಸ್ಸು ಹತ್ತೂವರೆಯಾದರೂ ಬರಲಿಲ್ಲ. ಮಾರ್ಗದರ್ಶಿ ಫೋನೆತ್ತಲಿಲ್ಲ. ಗುಂಪಿನ ಉಳಿದವರು ಲಾಬಿಯಲ್ಲೇ ಕುಳಿತರು. ನಾವಿಬ್ಬರೂ ಎದುರಿನ ನಿಲ್ದಾಣದಲ್ಲಿ ಸರ್ಕಾರಿ ಬಸ್ಸು ಹತ್ತಿದೆವು.

ಆ ಬಸ್ಸಿನಲ್ಲಿ ಅಲ್ಲಿನ ನಿವಾಸಿಗಳಿಗೆ 2022ರ ಅಕ್ಟೋಬರಿನಿಂದ ಟಿಕೆಟ್ಟಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲದೆ. ಕಾರ್ಡು ತಾಗಿಸಿದರೆ ಸಾಕು. ಪ್ರವಾಸಿಗರು ಮಾತ್ರ ಹಣ ಕೊಡಬೇಕು. ಶಕ್ತಿ ಯೋಜನೆ ಬಂದಮೇಲೆ ಬಸ್ಸಿನಲ್ಲಿ ಪರ್ಸು ತೆರೆದೇ ಇರದ ನನ್ನವಳಿಗೆ ಇದು ಅನ್ಯಾಯವಾಗಿ ಕಂಡಿತು. ಬಸ್ಸು ತುಂಬಿತ್ತು, ರಸ್ತೆಯೂ ತುಂಬಿತ್ತು. ಟಿಕೆಟ್ಟು ತೆಗೆದುಹಾಕಿದ ಮಾತ್ರಕ್ಕೆ ಜನ ಕಾರು ಬಿಡುವುದಿಲ್ಲ ಎಂಬುದು ಕಿಟಕಿಯಲ್ಲೇ ಕಾಣುತ್ತಿತ್ತು. ಇಡೀ ದೇಶ 316 ಚದರ ಕಿಲೋಮೀಟರು. 2011ರ ಜನಗಣತಿಯಲ್ಲಿ ಸುಮಾರು 4.17 ಲಕ್ಷ ಇದ್ದವರು 2021ಕ್ಕೆ 5.19 ಲಕ್ಷ. ಅದರ ಮೇಲೆ 2024ರಲ್ಲಿ ಬಂದ ಪ್ರವಾಸಿಗರು 35 ಲಕ್ಷಕ್ಕೂ ಹೆಚ್ಚು, ನಾವು ಬೇರೆ. ಎಲ್ಲಿ ನೋಡಿದರೂ ಕ್ರೇನು, ಕಲ್ಲುಪುಡಿಯ ಧೂಳು. ಕರಪತ್ರದ ನೀಲಿ ಸಮುದ್ರದ ಚಿತ್ರದಲ್ಲಿ ಒಂದು ಕ್ರೇನೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ರಾಜಧಾನಿ ವಲೆಟ್ಟಾದ ಹೆಬ್ಬಾಗಿಲಿನ ಹೊರಗೆ ಬಸ್ಸಿಳಿದು ಒಳಗೆ ಹೋದರೆ ಬಲಕ್ಕೆ 1942ರಲ್ಲಿ ಬಾಂಬು ಬಿದ್ದು ಹಾಳಾದ ಒಪೆರಾ ಮಂದಿರ. ಅದನ್ನು ಹಳೆಯ ನಮೂನೆಯಲ್ಲಿ ಮತ್ತೆ ಕಟ್ಟಲಿಲ್ಲ, ಗುಡಿಸಿಯೂ ಹಾಕಲಿಲ್ಲ. ಮುರಿದ ಕಂಬಗಳನ್ನು ಹಾಗೆಯೇ ಬಿಟ್ಟು, ನಡುವೆ ಬಯಲು ರಂಗಮಂದಿರ ಮಾಡಿದ್ದಾರೆ. ಅದೂ ಪಕ್ಕದ ಹೊಸ ಸಂಸತ್ ಭವನವೂ ರೆಂಜೊ ಪಿಯಾನೊ ಎಂಬ ಇಟಲಿಯ ವಾಸ್ತುಶಿಲ್ಪಿಯ ಯೋಜನೆ. ಊರಿನವರು ಇದಕ್ಕೆ ಸಾಕಷ್ಟು ಜಗಳವಾಡಿದ್ದಾರೆ. ನನಗೆ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಾಯಿತು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಮೂಲೆ ಬಿತ್ತು. ಕೆಡವುವುದೋ ರಿಪೇರಿ ಮಾಡುವುದೋ ಎಂಬ ಮಾತು ನಾನು ನೌಕರಿಯಲ್ಲಿದ್ದಾಗಲೂ ಇತ್ತು, ಪಿಂಚಣಿ ಬಂದ ಮೇಲೂ ಕೇಳುತ್ತಿದ್ದೇನೆ.

ಮಧ್ಯಾಹ್ನ ಕಾಸಾ ರೊಕ್ಕಾ ಪಿಕ್ಕೊಲಾ ಎಂಬ ಹದಿನಾರನೇ ಶತಮಾನದ ಮನೆಗೆ ಹೋದೆವು. ಈಗಲೂ ಒಂದು ಕುಟುಂಬ ಅಲ್ಲೇ ವಾಸವಾಗಿದೆ. ಮೇಲಿನ ಬೆಳ್ಳಿ ಪಾತ್ರೆ, ಪರದೆಗಳನ್ನು ನನ್ನವಳು ನೋಡಿದಳು. ನಾನು ಕೆಳಗಿಳಿದೆ. ಬಂಡೆ ಕೊರೆದು ಮಾಡಿದ ಮಳೆನೀರಿನ ತೊಟ್ಟಿ. ಯುದ್ಧದಲ್ಲಿ ಜನ ಬಾಂಬಿನಿಂದ ತಪ್ಪಿಸಿಕೊಳ್ಳಲು ಅಡಗುತ್ತಿದ್ದದ್ದೂ ಅಲ್ಲೇ. ಊರು ಕಟ್ಟಿದ ಕಾಲದಲ್ಲಿ ಪ್ರತಿ ಮನೆಗೂ ಇಂಥ ತೊಟ್ಟಿ ಕಡ್ಡಾಯವಾಗಿತ್ತು. ಅಡಿಯಲ್ಲಿ ತೆಗೆದ ಕಲ್ಲೇ ಮೇಲೆ ಗೋಡೆಯಾಗುತ್ತಿತ್ತು, ಉಳಿದ ಗುಂಡಿ ನೀರಿಗೆ. ಗೋಡೆಗೆ ಅಂಗೈ ಒತ್ತಿದೆ. ಹಿಟ್ಟಿನ ಹಾಗೆ ಮೃದುವಾದ ಹಳದಿ ಕಲ್ಲು, ತಣ್ಣಗೆ, ಕೈಗೆ ಸ್ವಲ್ಪ ಪುಡಿ ಅಂಟಿತು. ಅಗ್ರಹಾರದ ನಮ್ಮ ಹಳೆಯ ಮನೆಯ ಬಾವಿಗೆ ಚಪ್ಪಡಿ ಮುಚ್ಚಿಸಿದವನು ನಾನೇ. ನಲ್ಲಿ ಬಂತಲ್ಲ, ಇನ್ನು ಬಾವಿ ಯಾಕೆ ಎಂದಿದ್ದೆ. ಅಪ್ಪ ಆ ದಿನ ಮಾತಾಡಿರಲಿಲ್ಲ.

ಸಂಜೆ ಕೋಟೆಯಿಂದ ಬಂದರಿಗೆ 58 ಮೀಟರು ಇಳಿಸುವ ಲಿಫ್ಟಿನಲ್ಲಿ ಇಳಿದು, ದೋಣಿಯಲ್ಲಿ ಆಚೆ ದಡ ನೋಡಿ, ಮತ್ತೆ ಬಸ್ಸು ಹಿಡಿದು ಎಂಟಕ್ಕೆ ಹೋಟೆಲು ಸೇರಿದೆವು. ಲಾಬಿಯಲ್ಲಿದ್ದವರನ್ನು ಕೊನೆಗೆ ಮಾಲಿಗೆ ಕರೆದೊಯ್ದಿದ್ದರಂತೆ.

ಹೋಗುವವರು ಕಾಫಿಗೆ ಬಾಟಲಿ ನೀರೇ ಬಳಸಿ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ವಲೆಟ್ಟಾ ಎಂದರೆ ಬರೀ ಏರಿಳಿತ. ಒಂದು ದಿನವನ್ನಾದರೂ ಖಾಲಿ ಬಿಡಿ ಎಂದು ಸಂಸ್ಥೆಯವರಿಗೆ ಮೊದಲೇ ಹೇಳಿ, ಹಣ ವಾಪಸು ಕೇಳಬೇಡಿ, ಕೊಡುವುದಿಲ್ಲ.

ಕಳೆದ ವಾರ ಅವರ ಕಚೇರಿಯ ಹುಡುಗಿ ಫೋನ್ ಮಾಡಿ, "ಸರ್, ಯಾವ ದಿನ ಹೆಚ್ಚು ಇಷ್ಟವಾಯಿತು?" ಎಂದು ಕೇಳಿದಳು. ನಾಲ್ಕನೇ ದಿನ ಎಂದೆ. ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು ಕೇಳಿಸಿತು. "ಸರ್, ಅವತ್ತು ನಿಮ್ಮಿಬ್ಬರನ್ನೂ ಗೈರುಹಾಜರು ಎಂದು ಬರೆದಿದ್ದಾರಲ್ಲ?"