ಪೆನ್‌ಡ್ರೈವ್, ಕ್ಲೌಡ್, ಹಾರ್ಡ್ ಡಿಸ್ಕ್: ತಂಗಿಯ ಮದುವೆಯ ವಿಡಿಯೊ ಕಳೆದುಕೊಂಡ ಮೇಲೆ

ನಮ್ಮ ಮನೆಯ ಅಲಮಾರಿಯಲ್ಲಿ, ಹೊಲದ ಪಹಣಿಯ ಪಕ್ಕದಲ್ಲಿ, ಈಗ 1 ಟಿಬಿಯ ಹಾರ್ಡ್ ಡಿಸ್ಕ್ ಒಂದು ಕೂತಿದೆ. ಕಂಪ್ಯೂಟರಿಗೆ ಹೊರಗಿನಿಂದ ವೈರ್ ಸಿಕ್ಕಿಸುವಂಥದ್ದು. ಸುಮಾರು 5,000 ರೂಪಾಯಿ ಕೊಟ್ಟೆ. ಒಂದು ವರ್ಷ ಮೊದಲೇ ಕೊಟ್ಟಿದ್ದರೆ ತಂಗಿಯ ಮದುವೆಯ ವಿಡಿಯೊ ಉಳಿಯುತ್ತಿತ್ತು.

ಕಳೆದ ಮೇ ತಿಂಗಳಲ್ಲಿ, ಕಲಬುರಗಿಯ ಬಿಸಿಲಿಗೆ ಗೋಡೆ ಮುಟ್ಟಲಾಗದಂಥ ಒಂದು ಮಧ್ಯಾಹ್ನ, ಕರೆಂಟ್ ಮೂರು ಸಲ ಹೋಗಿ ಬಂತು. ನಾಲ್ಕನೆಯ ಸಲ ಬಂದಾಗ ಕಂಪ್ಯೂಟರ್ ಏಳಲಿಲ್ಲ. ಸೂಪರ್ ಮಾರ್ಕೆಟ್ ಬಳಿಯ ರಿಪೇರಿ ಅಂಗಡಿಯವರು ಒಳಗಿನ ಡಿಸ್ಕ್‌ನ ಟಕ್ ಟಕ್ ಸದ್ದನ್ನು ನನಗೂ ಕೇಳಿಸಿ, "ಹೈದರಾಬಾದಿಗೆ ಕಳಿಸಬೇಕು ಸರ್. ಹೊಸ ಕಂಪ್ಯೂಟರಿನಷ್ಟು ಖರ್ಚು. ಒಳಗಿನ ಫೈಲುಗಳು ಬಂದೇ ಬರುತ್ತವೆ ಎನ್ನಲಾರೆ" ಎಂದರು.

ಅಲ್ಲಿಯವರೆಗೆ ನನ್ನ ಭರವಸೆಯೆಲ್ಲ 64 ಜಿಬಿಯ ಪೆನ್‌ಡ್ರೈವ್ ಮೇಲಿತ್ತು. ಅವ್ವ ಹಾಡಿದ ತತ್ವಪದಗಳು ಅದರಲ್ಲಿದ್ದವು, ಉಳಿದವು. ಮದುವೆಯ ವಿಡಿಯೊ ಮಾತ್ರ 7 ಜಿಬಿಯ ಒಂದೇ ಫೈಲ್. ಪೆನ್‌ಡ್ರೈವಿನಲ್ಲಿ 40 ಜಿಬಿ ಖಾಲಿ ಇದ್ದರೂ ಫೈಲ್ ತೀರಾ ದೊಡ್ಡದು ಎಂದು ಕಂಪ್ಯೂಟರ್ ತಕರಾರು ತೆಗೆಯುತ್ತಿತ್ತು. ಕಣಜ ಖಾಲಿ, ಬಾಗಿಲಿನಲ್ಲಿ ಮಾತ್ರ ತೊಗರಿ ಚೀಲ ತೂರುವುದಿಲ್ಲ!

ಕಾರಣ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್, ಅಂದರೆ ಪೆನ್‌ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ. ಅದರಲ್ಲಿ ಫೈಲಿನ ಅಳತೆ ಬರೆದಿಡಲು ಇರುವುದು 32 ಬಿಟ್ ಮಾತ್ರ; ಹಾಗಾಗಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್ ಎಂಬ ಹೊಸ ಫಾರ್ಮ್ಯಾಟ್‌ಗೆ ಬದಲಾಯಿಸಿದರೆ ಈ ಗೊಡವೆ ಇಲ್ಲ, ಆದರೆ ಬದಲಾಯಿಸುವಾಗ ಒಳಗಿದ್ದದ್ದೆಲ್ಲ ಅಳಿದುಹೋಗುತ್ತದೆ. ಎಲ್ಲವನ್ನೂ ಹೊರಗೆ ತೆಗೆದು, ಬದಲಾಯಿಸಿ, ಮತ್ತೆ ತುಂಬಿಸಿದೆ. ಅಷ್ಟಾದ ಮೇಲೆ ನಮ್ಮ ಹಳೆಯ ಟಿವಿ ಪೆನ್‌ಡ್ರೈವನ್ನು ಗುರುತಿಸಲೇ ಇಲ್ಲ. ದಿನಾ ಸಂಜೆ ಟಿವಿಯಲ್ಲಿ ಅವ್ವನ ಪದ ಕೇಳುವ ಅಪ್ಪ ಮುಖ ಊದಿಸಿಕೊಂಡರು. ವಿಡಿಯೊ ತೆಗೆದು ಮತ್ತೆ ಫ್ಯಾಟ್32 ಮಾಡಿದೆ. ಮುಂದಿನ ವಾರ ಇನ್ನೊಂದು ಪೆನ್‌ಡ್ರೈವ್ ತಂದರಾಯಿತು ಎಂದುಕೊಂಡೆ. ಆ ವಾರ ಬರುವುದರೊಳಗೆ ಮೇ ಬಂತು. ವಿಡಿಯೊ ತೆಗೆದವರು ತಮ್ಮ ಪ್ರತಿಯನ್ನು ಎಂದೋ ಅಳಿಸಿದ್ದರು.

ಕ್ಲೌಡ್ ಅನ್ನೂ ನೋಡಿದೆ, ಅಂದರೆ ಇಂಟರ್ನೆಟ್ ಮೂಲಕ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಫೈಲ್ ಇಡುವುದು. ಮನೆಗೆ ಬೆಂಕಿ ಬಿದ್ದರೂ ಕಳ್ಳ ಬಂದರೂ ಅದಕ್ಕೆ ಏನೂ ಆಗದು, ಒಪ್ಪುತ್ತೇನೆ. ಆದರೆ ಉಳಿದಿರುವ, ನೆಂಟರಿಂದ ಮರಳಿ ಕೂಡಿಸಿದ ಫೋಟೊ ವಿಡಿಯೊ ಎಲ್ಲ ಸೇರಿ 180 ಜಿಬಿ. ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೂ ಸತತ 40 ಗಂಟೆ ಬೇಕು. ಬೇಸಿಗೆಯಲ್ಲಿ ಇಲ್ಲಿ ಕರೆಂಟ್ ಅಷ್ಟು ಹೊತ್ತು ಸತತವಾಗಿ ಇರುವುದನ್ನು ನಾನು ಕಂಡಿಲ್ಲ. ತಿಂಗಳು ತಿಂಗಳು ಬಾಡಿಗೆ ಬೇರೆ. ಸಿಂಕ್ ಮಾಡಿಟ್ಟರೆ, ಅಂದರೆ ಎರಡೂ ಕಡೆ ತಾನಾಗಿಯೇ ಒಂದೇ ಥರ ಇರುವಂತೆ ಮಾಡಿದರೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ ಎಂಬುದು ಇನ್ನೊಂದು ಭಯ. ಆಧಾರ್, ಅಂಕಪಟ್ಟಿ, ಪಹಣಿಯ ಸ್ಕ್ಯಾನ್‌ಗಳನ್ನಷ್ಟೇ ಅಲ್ಲಿಟ್ಟಿದ್ದೇನೆ; ಉಚಿತ ಜಾಗದಲ್ಲಿಯೇ ಹಿಡಿಸಿವೆ.

ಹಾರ್ಡ್ ಡಿಸ್ಕ್ ಬಿದ್ದರೆ ಕೆಡುತ್ತದೆ, ಒಳಗೆ ತಿರುಗುವ ತಟ್ಟೆ ಇದೆ. ಅದಕ್ಕೇ ಮಕ್ಕಳ ಕೈಗೆ ಸಿಗದ ಮೇಲಿನ ಅರೆ. ಭಾನುವಾರ ಉಪ್ಪಿಟ್ಟು ಆಗುವಷ್ಟರಲ್ಲಿ ಆ ವಾರದ ಫೈಲುಗಳು ನಕಲಾಗಿರುತ್ತವೆ. ಕೆಲಸ ಮುಗಿದ ಕೂಡಲೇ ವೈರ್ ಕಳಚುತ್ತೇನೆ. ಸಿಕ್ಕಿಸಿಯೇ ಇಟ್ಟರೆ ಕಂಪ್ಯೂಟರಿಗೆ ಬಂದ ವೈರಸ್ಸಿಗೂ ಕರೆಂಟಿನ ಏರುಪೇರಿಗೂ ಅದೂ ಗುರಿ.

ಎರಡನೆಯದನ್ನೂ ಕೊಂಡಿದ್ದೇನೆ. ಶರಣಬಸವೇಶ್ವರರ ಜಾತ್ರೆಗೆ ಬರುವ ಅಕ್ಕ ಅದನ್ನು ಬೀದರಿಗೆ ಒಯ್ದು, ರೇಷ್ಮೆ ಸೀರೆಗಳ ನಡುವೆ ಇಡುತ್ತೇನೆ ಎಂದಿದ್ದಾಳೆ.