ಎಂಐಟಿ ಅರ್ಜಿ ಪೋರ್ಟಲ್: ಜಾಗ ಕಡಿಮೆ, ಅದೇ ಇದರ ಹೆಚ್ಚುಗಾರಿಕೆ

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾಗಿ ಬಳಸುವ ಕಾಮನ್ ಆ್ಯಪ್‌ನಲ್ಲಿ 10 ಪಠ್ಯೇತರ ಚಟುವಟಿಕೆ ತುಂಬಿಸಬಹುದು. ಅಲ್ಲಿನ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿಯ ಸ್ವಂತ ಪೋರ್ಟಲ್‌ನಲ್ಲಿ ಜಾಗವಿರುವುದು ನಾಲ್ಕಕ್ಕೆ ಮಾತ್ರ. ಇದು ಒಳ್ಳೆಯ ವಿನ್ಯಾಸ: ಹೆಸರಿಗಷ್ಟೇ ಸೇರಿದ ಕ್ಲಬ್ಬುಗಳು ಇಲ್ಲಿ ತಾವಾಗಿಯೇ ಉದುರಿಹೋಗುತ್ತವೆ. ಒಂದೇ ದೊಡ್ಡ ಪ್ರಬಂಧದ ಬದಲು ಹಲವು ಕಿರುಪ್ರಶ್ನೆಗಳಿವೆ, ಹಾಗಾಗಿ ಬೇರೆಡೆ ಬರೆದದ್ದನ್ನು ತಂದು ಅಂಟಿಸಿದರೆ ತಕ್ಷಣ ಗೊತ್ತಾಗುತ್ತದೆ.

ನಿಜವಾಗಿ ಎದ್ದು ಕಾಣಲು ಅವಕಾಶವಿರುವುದು, ತಾವೇ ಕಟ್ಟಿದ್ದನ್ನು ವಿಡಿಯೊ, ಚಿತ್ರಗಳಲ್ಲಿ ತೋರಿಸುವ ಮೇಕರ್ ಪೋರ್ಟ್‌ಫೋಲಿಯೊದಲ್ಲಿ. ಇದು ಕಡ್ಡಾಯವಲ್ಲ. ಹೆಚ್ಚಿನವರು ಎಡವುವುದೂ ಇಲ್ಲೇ: ಹಿನ್ನೆಲೆ ಸಂಗೀತ, ಮಿರುಗುವ ರೋಬೋ, ಆದರೆ ಒಳಗೇನಿದೆ ಎಂಬ ಸುಳಿವೇ ಇಲ್ಲ. ಮೊದಲ ಕೆಲವೇ ಸೆಕೆಂಡುಗಳಲ್ಲಿ ಯಂತ್ರ ಓಡುವುದನ್ನು ತೋರಿಸಿ. ಆಮೇಲೆ ಸರ್ಕ್ಯೂಟ್ ಚಿತ್ರ, ಸುಟ್ಟುಹೋದ ಮೋಟಾರ್ ಡ್ರೈವರ್ (ಮೋಟಾರನ್ನು ನಿಯಂತ್ರಿಸುವ ಸರ್ಕ್ಯೂಟ್), ಅದು ಸುಟ್ಟದ್ದೇಕೆ, ಬದಲಿ ಆಯ್ಕೆ ಮಾಡಿದ ಲೆಕ್ಕ ಬರಲಿ. ತಂಡದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಬಿಡಿಸಿ ಹೇಳಿ. ಕಿಟ್ ಬಳಸಿದ್ದರೆ ಮುಚ್ಚಿಡಬೇಡಿ.

ಶಿಫಾರಸು ಪತ್ರ ಎರಡು: ಒಂದು ಗಣಿತ ಅಥವಾ ವಿಜ್ಞಾನದ ಶಿಕ್ಷಕರಿಂದ, ಇನ್ನೊಂದು ಭಾಷೆ ಅಥವಾ ಸಮಾಜವಿಜ್ಞಾನದವರಿಂದ. ಎರಡನೆಯದನ್ನು ಕಡೆಗಣಿಸುವವರೇ ಬಹಳ. ಪೋರ್ಟ್‌ಫೋಲಿಯೊ ಎಷ್ಟೇ ಚೆನ್ನಾಗಿದ್ದರೂ ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಬೇಕೇ ಬೇಕು. 2022ರಲ್ಲಿ ಆ ನಿಯಮವನ್ನು ಮತ್ತೆ ಜಾರಿಗೆ ತಂದಿದ್ದಾರೆ.